ದೆವ್ವಕ್ಕೊಂದು ಖಾಯಂ ವಿಳಾಸ

ಪ್ಯಾರಿಸ್ಸಿನ ಒಪೆರಾ ಮಂದಿರದಲ್ಲಿ ಒಂದು ದೆವ್ವವಿದೆ. ಎಲ್ಲೋ ಮೂಲೆಯಲ್ಲಿ ಬಿದ್ದುಕೊಂಡಿಲ್ಲ. ಐದನೇ ನಂಬರಿನ ಬಾಕ್ಸು ಅದರ ಹೆಸರಿನಲ್ಲಿದೆ, ಬಾಗಿಲಿಗೆ ಫಲಕವೂ ಇದೆ. ಆ ಮಂದಿರ ಬಾಗಿಲು ತೆರೆದದ್ದು 1875ರಲ್ಲಿ. ಅಡಿಪಾಯ ತೋಡುವಾಗ ಉಕ್ಕಿದ ನೀರು ಬತ್ತದೆ ಹೋದದ್ದರಿಂದ ನೆಲದಡಿಯಲ್ಲಿ ದೊಡ್ಡ ತೊಟ್ಟಿಯನ್ನೇ ಕಟ್ಟಿಬಿಟ್ಟರು. 1896ರಲ್ಲಿ ತೂಗುದೀಪಕ್ಕೆ ಕಟ್ಟಿದ್ದ ಭಾರದ ಗುಂಡು ಕಳಚಿ ಬಿದ್ದು, ಆಟ ನೋಡಲು ಬಂದಿದ್ದ ಹೆಂಗಸೊಬ್ಬಳು ಸತ್ತಳು. ಆ ತೊಟ್ಟಿ, ಈ ಸಾವು ಎರಡನ್ನೂ ಗಂಟುಹಾಕಿ ಗ್ಯಾಸ್ಟನ್ ಲೆರೂ ಎಂಬ ಪತ್ರಕರ್ತ 1910ರ ಹೊತ್ತಿಗೆ ಕಾದಂಬರಿ ಬರೆದ. ಅದರ ದೆವ್ವ ತಿಂಗಳಿಗೆ 20,000 ಫ್ರಾಂಕ್ ಕೇಳುತ್ತದೆ, ಜೊತೆಗೆ ಬಾಕ್ಸು ಪುಕ್ಕಟೆ. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಆ ಕತೆಯ ಸಂಗೀತ ನಾಟಕ 1988ರಿಂದ 2023ರವರೆಗೆ 13,981 ಆಟ ಕಂಡಿತು. ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಬೂದು ಬಟ್ಟೆಯ ದೆವ್ವವೊಂದಿದೆ. ಅದು ಕಾಣಿಸಿಕೊಂಡರೆ ನಾಟಕ ಗೆದ್ದ ಹಾಗೆ ಎಂದು ಅಲ್ಲಿನ ನಟರ ನಂಬಿಕೆ. ನಾವು ಅದೇ ಆಸೆಯಿಂದ ಶಾಸಕರನ್ನು ಕರೆಯುತ್ತೇವೆ. ಅವರು ಕಾಣಿಸಿಕೊಂಡರೆ ನಾಟಕ ಎರಡು ಗಂಟೆ ತಡ.

ನಮ್ಮ ಐಮಂಗಲಕ್ಕೆ ಏನು ಕಡಿಮೆಯಾಗಿದೆ? ಹಿರಿಯೂರಿಗೂ ಚಿತ್ರದುರ್ಗಕ್ಕೂ ನಡುವೆ, ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲೇ ಇದ್ದೇವೆ. ಪೊಲೀಸ್ ತರಬೇತಿ ಶಾಲೆ ಇರುವ ಊರಲ್ಲಿ ನೆಲೆಸಲು ದೆವ್ವಕ್ಕೆ ಒಂಚೂರು ಧೈರ್ಯ ಬೇಕು, ನಿಜ. ಆದರೂ ಬಯಲುಸೀಮೆಯ ಎಲ್ಲ ಊರುಗಳ ಹಾಗೆ ಹುಣಸೆಮರದ್ದು, ಹಾಳುಬಾವಿಯದ್ದು, ನಡುರಾತ್ರಿ ಲಾರಿಗೆ ಕೈಯೊಡ್ಡುವ ಬಿಳಿಸೀರೆಯದ್ದು ಎಂದು ದೆವ್ವದ ಮಾತಿಗೇನೂ ಇಲ್ಲಿ ಬರವಿಲ್ಲ. ಸಂಗೀತ ಕೇಳುವ ದೆವ್ವ ಮಾತ್ರ ಒಂದೂ ಇಲ್ಲ. ಕೇಳುವುದಕ್ಕೆ ಅದು ಎಲ್ಲಿ ಕೂರಬೇಕು?

ದೆವ್ವಕ್ಕೆ ಮೊದಲು ಬೇಕಾದದ್ದು ಖಾಯಂ ವಿಳಾಸ. ನಮ್ಮ ರಂಗಭೂಮಿಗೆ ಅದೊಂದೇ ಇರಲಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಕುರುಕ್ಷೇತ್ರ ಆಡುವಾಗ ನಿಜವಾದ ಆನೆಯನ್ನೇ ರಂಗಕ್ಕೆ ನುಗ್ಗಿಸಿತ್ತು. ಆದರೆ ಕ್ಯಾಂಪು ಮುಗಿದ ಮೇಲೆ ಆನೆಯೂ ಹೊರಡಬೇಕು, ಟೆಂಟೂ ಹೊರಡಬೇಕು. ತೊಂಬತ್ತರ ದಶಕದಲ್ಲಿ ನಾಡಿನ ತುಂಬ ಜನ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ವಾಪಸ್ ಕಳಿಸಿದರಲ್ಲ, ಬರೆಯುವುದಕ್ಕೆ ಅವರ ಮನೆಗೆ ಬಾಗಿಲಾದರೂ ಇತ್ತು. ಶಾಮಿಯಾನಕ್ಕೆ ಎಲ್ಲಿ ಬರೆಯೋಣ?

ಈಗಲೂ ನಮ್ಮ ಕಡೆ ಕುರುಕ್ಷೇತ್ರವೆಂದರೆ ಸೀನರಿ ಬಾಡಿಗೆಗೆ ಬರುತ್ತದೆ. ಪಾರ್ಟು ಹಂಚುವಾಗಲೇ ದರ ನಿಗದಿ: ದುರ್ಯೋಧನ, ಕೃಷ್ಣ, ಭೀಮ ದುಬಾರಿ, ದ್ವಾರಪಾಲಕ ಅಗ್ಗ. ದ್ರೌಪದಿಗೆ ಮಾತ್ರ ನಾವೇ ಸಂಭಾವನೆ ಕೊಟ್ಟು ಹೊರಗಿನಿಂದ ಕರೆಸಬೇಕು. ದುಡ್ಡು ಕೊಟ್ಟು ರಾಜ್ಯ ಕೊಂಡ ದುರ್ಯೋಧನ ಸುಮ್ಮನೆ ಬಿಡುತ್ತಾನೆಯೇ? ಹಾಡು ಮುಗಿಯುವಷ್ಟರಲ್ಲಿ ಅವನ ಭಾವಮೈದನೇ ಕೆಳಗಿನಿಂದ ‘ವನ್ಸ್ ಮೋರ್’ ಎನ್ನುತ್ತಾನೆ. ಮತ್ತೆ ಹಾಡು. ಆಮೇಲೆ ಬೀಗರು ನೋಟಿನ ಹಾರ ಹಿಡಿದು ಹತ್ತುತ್ತಾರೆ. ಸೀರೆ ಸೆಳೆಯುತ್ತಿದ್ದ ದುಶ್ಯಾಸನ ಸೆರಗನ್ನು ಕೈಯಲ್ಲೇ ಹಿಡಿದು ನಿಂತಿರುತ್ತಾನೆ. ಯಾರ್ಯಾರು ಎಷ್ಟೆಷ್ಟು ಮುಯ್ಯಿ ಮಾಡಿದರೆಂದು ಮೈಕಿನಲ್ಲಿ ಓದಿ ಮುಗಿಸುವವರೆಗೆ ಮಾನಭಂಗ ಮುಂದಕ್ಕೆ. ಗದೆ ಹೊತ್ತ ಭೀಮ ಸೈಡ್ ವಿಂಗಿನಲ್ಲಿ ಟೀ ಕುಡಿಯುತ್ತಾನೆ. ಬೆಳಗಾಗುತ್ತಲೇ ಹಸ್ತಿನಾವತಿ ಮಡಚಿಕೊಂಡು ಲಾರಿ ಹತ್ತುತ್ತದೆ. ಮೇಲಿನ ಲೋಕ ಸೇರಿದ ಹಳೇ ದುರ್ಯೋಧನನೊಬ್ಬ ‘ವನ್ಸ್ ಮೋರ್’ ಆಸೆಗೆ ಮರಳಿ ಬಂದ ಎಂದೇ ಇಟ್ಟುಕೊಳ್ಳಿ. ತಾನು ಮೆರೆದ ಆಸ್ಥಾನದ ಜಾಗದಲ್ಲಿ ಶೇಂಗಾ ಒಣಗಿಸಿದ್ದಾರೆ. ಯಾರಿಗೆ ಕಾಟ ಕೊಡಬೇಕು?

ಹಾಗೆಂದು ಸರ್ಕಾರ ಕೈಕಟ್ಟಿ ಕೂತಿಲ್ಲ. ರಂಗಮಂದಿರ, ಸಮುದಾಯ ಭವನಗಳನ್ನು ಊರೂರಲ್ಲಿ ಕಟ್ಟಿಸಿದೆ. ಉದ್ಘಾಟನೆಯ ದಿನ ಶಾಲೆ ಮಕ್ಕಳು ನಾಡಗೀತೆ ಹಾಡುತ್ತಾರೆ. ಎಷ್ಟೋ ಕಟ್ಟಡಗಳು ಕೇಳಿದ ಮೊದಲ ಕಛೇರಿಯೂ ಕೊನೆಯ ಕಛೇರಿಯೂ ಅದೇ. ಆಮೇಲೆ ಬೀಗ. ಕೆಲವು ವರ್ಷಕ್ಕೆ ಒಳಗೊಂದು ಬೆಳಕು ಆಡುತ್ತದೆ, ಯಾರೋ ನಕ್ಕ ಸದ್ದು ಕೇಳುತ್ತದೆ, ‘ಅಲ್ಲಿ ದೆವ್ವ ಐತೆ’ ಎಂಬ ಮಾತು ಹುಟ್ಟುತ್ತದೆ. ಈ ದೆವ್ವ ಬೀಡಿ ಸೇದುತ್ತದೆ, ಇಸ್ಪೀಟಾಡುತ್ತದೆ, ಮಿಕ್ಸ್ಚರ್ ಪೊಟ್ಟಣವನ್ನೂ ವಿಸ್ಕಿಯ ಟೆಟ್ರಾ ಪ್ಯಾಕನ್ನೂ ಅಲ್ಲೇ ಬಿಸಾಕಿ ಹೋಗುತ್ತದೆ. ಮೊದಲು ಫ್ಯಾನು ಮಾಯವಾಗುತ್ತದೆ, ಆಮೇಲೆ ವೈರು, ಕೊನೆಗೆ ಕಿಟಕಿಯ ಸರಳು. ಪ್ಯಾರಿಸ್ಸಿನದು ಕಾದಂಬರಿಯಲ್ಲಿ ತೂಗುದೀಪ ಬೀಳಿಸಿತಂತೆ, ನಮ್ಮದು ಬಿಚ್ಚಿಕೊಂಡು ಹೋಗಿ ಗುಜರಿಗೆ ಹಾಕುತ್ತದೆ. ಊರವರೆಲ್ಲ ಈ ದೆವ್ವವನ್ನು ಭಕ್ತಿಯಿಂದ ನಂಬುತ್ತಾರೆ. ನಂಬದಿದ್ದರೆ ಅದು ಯಾರ ಮಗ ಎಂದು ಹೇಳಬೇಕಾಗುತ್ತದೆ.

ಬೆಂಗಳೂರಿನ ಕತೆ ಬೇರೆ. ಅಲ್ಲಿ ಪಿಟೀಲಿನ ಆಕಾರದಲ್ಲೇ ಚೌಡಯ್ಯ ಸ್ಮಾರಕ ಭವನ 1980ರಲ್ಲಿ ಎದ್ದು ನಿಂತಿತು. ಏಳು ತಂತಿಯ ಪಿಟೀಲು ನುಡಿಸಿದ ಚೌಡಯ್ಯನವರು 1967ರಲ್ಲೇ ಹೋಗಿದ್ದರು. ಸುಳಿದಾಡುವ ಹಕ್ಕು ಯಾರಿಗಾದರೂ ಇದ್ದರೆ ಅವರಿಗೆ. ಆದರೆ ರಾಗ ಅರಳುವ ಹೊತ್ತಿಗೆ ಮೂರನೇ ಸಾಲಿನಲ್ಲಿ ಮೊಬೈಲು ಬಡಿದುಕೊಂಡು, ‘ಕಛೇರೀಲಿದೀನಿ, ಆಮೇಲೆ ಮಾಡ್ತೀನಿ’ ಎಂದು ಯಾರೋ ಪಿಸುಗುಟ್ಟುವ ಜಾಗಕ್ಕೆ ಯಾವ ವಿದ್ವಾಂಸರು ತಾನೇ ತಿರುಗಿ ಬಂದಾರು?

ನಮ್ಮ ಕಡೆಯ ಹಾರ್ಮೋನಿಯಂ ಮೇಷ್ಟ್ರೊಬ್ಬರನ್ನು ಕೇಳಿದೆ: “ಮೇಷ್ಟ್ರೇ, ಇಷ್ಟು ಜನ ದುರ್ಯೋಧನರಿಗೆ ಹಾಡು ಕಲಿಸಿದ್ದೀರಿ. ಸತ್ತವರು ಯಾರಾದರೂ ರಾತ್ರಿ ಬಂದು ಶ್ರುತಿ ಕೇಳಿದ್ದುಂಟಾ?”

ಮೇಷ್ಟ್ರು ಎಲೆಗೆ ಸುಣ್ಣ ಸವರುತ್ತ ಅಂದರು: “ಬಂದ್ರೆ ಬರ್ಲಿ ಬುಡಿ ಸ್ವಾಮಿ, ನಾನೇ ಹುಡುಕ್ತಾ ಇದೀನಿ. ಇಬ್ರುದು ಪಾರ್ಟಿನ ದುಡ್ಡು ಇನ್ನೂ ಬಾಕಿ ಐತೆ.”