ಹೆಬ್ಬೆಟ್ಟಿನ ಸಾಕ್ಷಿ

ಅಮೆರಿಕದಲ್ಲಿ 1970ರ ದಶಕದ ಷೆವರ್ಲೆ ಸಿ-10 ಪಿಕಪ್ ಸಾಕಿಕೊಂಡವರಿಗೆ ಭಾನುವಾರ ಬಂತೆಂದರೆ ಇಂಜಿನ್ ಬಿಚ್ಚುವ ಚಪಲ. ಬಿಚ್ಚುವುದು ಸಲೀಸು. ಜೋಡಿಸುವುದೂ ಹೇಗೋ ಆಗುತ್ತದೆ. ಕೊನೆಗೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇಳಿಸಿ ಕೀಲಿ ತಿರುವಿದಾಗ ಕಾರ್ಬ್ಯುರೇಟರ್ 'ಢಮಾರ್' ಎಂದು ಬೆಂಕಿ ಉಗುಳುತ್ತದೆ. ಇಣುಕಿ ನೋಡುತ್ತಿದ್ದ ಯಜಮಾನನ ಹುಬ್ಬು ಅರ್ಧ ಮಾಯ.

ಪೆಟ್ರೋಲೂ ಇದೆ, ಕಿಡಿಯೂ ಇದೆ. ಮತ್ತೇಕೆ ಮುನಿಸು?

ನಾಲ್ಕು ಹೊಡೆತದ ಇಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ಬರುವಷ್ಟರಲ್ಲಿ ಪಿಸ್ಟನ್ ಎರಡು ಸಲ ತುದಿಗೇರುತ್ತದೆ: ಒಮ್ಮೆ ಪೆಟ್ರೋಲು-ಗಾಳಿಯನ್ನು ಅದುಮಲು, ಇನ್ನೊಮ್ಮೆ ಹೊಗೆಯನ್ನು ಆಚೆ ದಬ್ಬಲು. ಕ್ರ್ಯಾಂಕಿನ ತುದಿಯ ಬ್ಯಾಲೆನ್ಸರಿನ ಗುರುತು ಎರಡು ಸಲವೂ ಸೊನ್ನೆಗೇ ಬಂದು ನಿಲ್ಲುತ್ತದೆ. ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ. ತಪ್ಪು ಸುತ್ತಿನಲ್ಲಿ ಕೂರಿಸಿದರೆ 180 ಡಿಗ್ರಿ ಆಚೀಚೆ. ಹೊಗೆ ಹೊರಡುವ ಹೊತ್ತಿಗೆ ಕಿಡಿ ಬರುವುದೆಂದರೆ, ಉಂಡು ಕೈ ತೊಳೆಯುತ್ತಿದ್ದವನಿಗೆ ಎಲೆ ಹಾಕಿದಂತೆ.

ಇದಕ್ಕೆ ಮದ್ದು ಹೆಬ್ಬೆಟ್ಟು. ವಿ-8 ಇಂಜಿನ್ನಾದರೆ ಚಾಲಕನ ಬದಿಯ ಮುಂದಿನ ಸಿಲಿಂಡರೇ ಒಂದನೆಯದು. ಅದರ ಪ್ಲಗ್ ಬಿಚ್ಚಿ, ತೂತಿಗೆ ಹೆಬ್ಬೆಟ್ಟು ಒತ್ತಿ, ಇಂಜಿನ್ನನ್ನು ಕೈಯಿಂದ ನಿಧಾನ ತಿರುಗಿಸಬೇಕು. ಗಾಳಿ ಬೆರಳನ್ನು ದಬ್ಬಿತೋ, ಅದೇ ಸರಿಯಾದ ಸುತ್ತು. ಎಷ್ಟೇ ಓದಿದವನಾದರೂ ಇಲ್ಲಿ ಹೆಬ್ಬೆಟ್ಟು ಒತ್ತಲೇಬೇಕು!

ಮುಂದಿನದು ಡಿಸ್ಟ್ರಿಬ್ಯೂಟರಿನ ಠೀವಿ. ಅದರ ಗೇರಿನ ಹಲ್ಲು ಓರೆ. ಹಾಗಾಗಿ ಇಳಿಸುವಾಗ ಅದರೊಳಗಿನ ರೋಟರ್ ತುಸು ತಿರುಗಿ ಪಕ್ಕದ ತಂತಿಯತ್ತ ಮುಖ ಮಾಡುತ್ತದೆ. ಡಿಸ್ಟ್ರಿಬ್ಯೂಟರಿನ ಬುಡ ಆಯಿಲ್ ಪಂಪಿನ ಕಡ್ಡಿಗೂ ಕೂಡಬೇಕು. ಕೂಡದಿದ್ದರೆ ಉದ್ದನೆಯ ಸ್ಕ್ರೂಡ್ರೈವರ್ ಇಳಿಬಿಟ್ಟು ಆ ಕಡ್ಡಿಯನ್ನು ಪುಸಲಾಯಿಸಬೇಕು. ಆಮೇಲೆ ಸಿಲಿಂಡರುಗಳಿಗೆ ಹೋಗುವ ತಂತಿಗಳು: 1-8-4-3-6-5-7-2, ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನಲ್ಲಿ. ಮೆಕ್ಯಾನಿಕ್‌ಗಳಿಗೆ ಇದು ಮಗ್ಗಿಗಿಂತ ಬಾಯಿಪಾಠ.

ಹಿಂದೆ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಕಿಡಿಯ ಹೊತ್ತನ್ನು ಚಾಲಕನೇ ಸ್ಟೀರಿಂಗ್ ಕೆಳಗಿನ ಸನ್ನೆಗೋಲಿನಿಂದ ಸರಿಪಡಿಸುತ್ತಿದ್ದ. ಅದರಿಂದ ಕಿಡಿಯನ್ನು ತಡವಾಗಿಸಲು ಮರೆತು ಇಂಜಿನ್ನನ್ನು ಕೈಹಿಡಿಕೆಯಿಂದ ತಿರುವಿದರೆ ಹಿಡಿಕೆ ತಿರುಗಿ ಒದ್ದು ಮಣಿಕಟ್ಟು ಮುರಿಯಬಹುದಿತ್ತು. ಹುಬ್ಬು ಸುಟ್ಟುಕೊಂಡವರು ಅದೃಷ್ಟವಂತರೇ.

ಸಿ-10ರ ಇಂಜಿನ್ ಚಾಲೂ ಆದ ಮೇಲೆ, ಕಿಡಿಯ ಹೊತ್ತು ನೋಡಲು ಟೈಮಿಂಗ್ ಲೈಟ್. ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಕೊಳವೆ ಬಿಚ್ಚಿ ಬಾಯಿ ಮುಚ್ಚಿ, ದೀಪದ ಕ್ಲಿಪ್ಪನ್ನು ಒಂದನೆಯ ತಂತಿಗೆ ಕಚ್ಚಿಸಬೇಕು. ನಿಮಿಷಕ್ಕೆ 600 ಸುತ್ತಿದ್ದರೆ ದೀಪ ಸೆಕೆಂಡಿಗೆ 5 ಸಲ ಮಿನುಗುತ್ತದೆ. ಗರಗರ ತಿರುಗುವ ಗುರುತು ಅದರಡಿ ಅಲ್ಲಾಡದೆ ನಿಂತಂತೆ ಕಾಣುತ್ತದೆ. ಆದರೂ ಪೂರ್ತಿ ನಂಬುವಂತಿಲ್ಲ: ಪುಲ್ಲಿಯ ಹಿಂದಿನ ಬ್ಯಾಲೆನ್ಸರಿನ ರಬ್ಬರು ಮುದಿಯಾದರೆ ಹೊರಬಳೆ ಜಾರಿ, ಗುರುತು ಸಲೀಸಾಗಿ ಸುಳ್ಳು ಹೇಳುತ್ತದೆ.

ಡಿಸ್ಟ್ರಿಬ್ಯೂಟರನ್ನು ತುಸುತುಸುವೇ ತಿರುಗಿಸಿ, ಬಾನೆಟ್ ಅಡಿಯ ಚೀಟಿಯಲ್ಲಿರುವ ಡಿಗ್ರಿಗೆ ಗುರುತು ಬಂದರೆ ಅದರ ಬೋಲ್ಟ್ ಬಿಗಿಯಿರಿ. ಬಿಗಿದ ಮೇಲೆ ಇನ್ನೊಮ್ಮೆ ದೀಪ ಹಿಡಿಯಿರಿ. ಬಿಗಿಯುವಾಗಲೇ ಅದು ಒಂದೆರಡು ಡಿಗ್ರಿ ಜಾರಿರಬಹುದು.