ಪ್ರೀತಿಯಿಂದ ಸಾಗಹಾಕುವ ಕೈಪಿಡಿ

ನೀವೊಂದು ಕ್ಯಾಥೊಲಿಕ್ ಶಾಲೆಯ ಮುಖ್ಯಸ್ಥರು ಅಂತಿಟ್ಟುಕೊಳ್ಳಿ. ಬೆಂಗಳೂರಿನದ್ದೋ ಮಂಗಳೂರಿನದ್ದೋ, ಊರವರ ಬಾಯಲ್ಲಿ ಅದು 'ಕಾನ್ವೆಂಟು'. ಅಡ್ಮಿಷನ್ ಕಾಲ. ಆಟಿಸಂ ಇರುವ ಮಗನನ್ನು ಕರೆದುಕೊಂಡು ಒಬ್ಬ ತಾಯಿ ಆಫೀಸಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ. ಗಾಬರಿ ಬೀಳಬೇಡಿ. ಒಂದೇ ಸೂತ್ರ ನೆನಪಿಡಿ: 'ಆಗುವುದಿಲ್ಲ' ಎಂಬ ಮಾತು ನಿಮ್ಮ ಬಾಯಿಂದ ಬರಕೂಡದು. ಅದನ್ನು ಆಕೆಯ ಬಾಯಿಂದಲೇ ಹೊರಡಿಸಿ. ಅವಸರ ಬೇಡ. ಒಂದು ವರ್ಷ, ಬೇಕಾದರೆ ಎರಡು ವರ್ಷ ತೆಗೆದುಕೊಳ್ಳಿ.

ಮೊದಲು ಕಾನೂನು ಕಲಿಯಿರಿ. 2014ನೇ ಇಸವಿಯನ್ನು ಅರ್ಧ ಮಾತ್ರ ನೆನಪಿಟ್ಟುಕೊಳ್ಳಿ. ಆ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಪ್ರಮತಿ ಟ್ರಸ್ಟ್ ಪ್ರಕರಣದಲ್ಲಿ, ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲ ಎಂದಿತು. ಇದನ್ನು ಸಿಕ್ಕಲ್ಲೆಲ್ಲ ಹೇಳಿ. ಅದೇ ವರ್ಷ ನವೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ವ್ಯಾಟಿಕನ್ನಿನಲ್ಲಿ ಆಟಿಸಂ ಇರುವವರನ್ನೂ ಅವರ ಮನೆಯವರನ್ನೂ ಕಂಡು, ಈ ಕುಟುಂಬಗಳ ಒಂಟಿತನ ಹೋಗಬೇಕು, ಕಳಂಕ ತೊಲಗಬೇಕು ಎಂದರು. ಇದನ್ನು ಎಲ್ಲೂ ಹೇಳಬೇಡಿ. ಅವರ ಫೋಟೊ ಮಾತ್ರ ಹಜಾರದಲ್ಲಿ ತೂಗುಹಾಕಿ, ನಗುಮುಖದ್ದು ಆರಿಸಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ವಿಷಯದಲ್ಲಿ ಹುಷಾರು. ಅದರ 21 ವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ. ಸರ್ಕಾರದ ಮಾನ್ಯತೆ ಪಡೆದ ಶಾಲೆಗಳೂ ಇಂಥ ಮಕ್ಕಳನ್ನು ಭೇದಭಾವವಿಲ್ಲದೆ ಸೇರಿಸಿಕೊಳ್ಳಬೇಕು, ಅವರಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು ಎನ್ನುತ್ತದೆ ಅದರ 16ನೇ ಕಲಮು. ಅಲ್ಪಸಂಖ್ಯಾತರೆಂಬ ರಿಯಾಯಿತಿ ಅಲ್ಲಿಲ್ಲ. ತಾಯಿ ಅದರ ಪ್ರತಿ ತಂದು ಮುಂದಿಟ್ಟರೆ ಕನ್ನಡಕ ಹುಡುಕಿ. ಧೈರ್ಯ ಸಾಲದಿದ್ದರೆ ದಂಡದ ಕಲಮು ಓದಿಕೊಳ್ಳಿ: ಮೊದಲ ತಪ್ಪಿಗೆ ಹೆಚ್ಚೆಂದರೆ 10,000 ರೂಪಾಯಿ. ಸ್ಕೂಲ್ ಡೇ ಶಾಮಿಯಾನಕ್ಕೇ ನೀವು ಅದಕ್ಕಿಂತ ಜಾಸ್ತಿ ಕೊಡುತ್ತೀರಿ. ಮತ್ತೆ ತಪ್ಪಿದರೆ 50,000ದಿಂದ 5 ಲಕ್ಷದವರೆಗೆ ಎಂಬ ಸಾಲೂ ಅಲ್ಲೇ ಇದೆ. ಅದು ಬರುವ ಮೊದಲು ಪುಟ ಮುಚ್ಚಿ.

ತಾಯಿ ಕ್ಯಾಥೊಲಿಕಳೇ ಆಗಿದ್ದರೆ ಸ್ವಲ್ಪ ಹೆಚ್ಚಿನ ಜಾಣ್ಮೆ ತೋರಿಸಿ. ಫಾರಮ್ಮಿನ ಜೊತೆ ಜ್ಞಾನಸ್ನಾನದ ಸರ್ಟಿಫಿಕೇಟು, ಪ್ಯಾರಿಷ್ ಫಾದರ್ ಕೊಟ್ಟ ಪತ್ರ ಎಲ್ಲ ಇಟ್ಟಿರುತ್ತಾಳೆ. ಅಲ್ಪಸಂಖ್ಯಾತರ ಹಕ್ಕಿಗಾಗಿ ಸಂವಿಧಾನದ 30ನೇ ವಿಧಿಯ ಹೆಸರು ಹೇಳುವಾಗಲೆಲ್ಲ ನೀವು 'ನಮ್ಮ ಸಮುದಾಯದ ಮಕ್ಕಳು' ಅನ್ನುತ್ತೀರಿ. ಈ ಹುಡುಗನೂ ಅದೇ ಸಮುದಾಯದವನಲ್ಲವೇ ಎಂಬ ಎಡವಟ್ಟು ಪ್ರಶ್ನೆ ಆಕೆಗೆ ಹೊಳೆಯುವ ಮೊದಲೇ ಮಾತು ಬದಲಿಸಿ. 'ನಮ್ಮ ಸಿಸ್ಟರ್‌ಗಳೇ ನಡೆಸುವ ಸ್ಪೆಷಲ್ ಸ್ಕೂಲ್ ಇದೆ, ಅಲ್ಲಿ ಇನ್ನೂ ಚೆನ್ನಾಗಿ ನೋಡಿಕೊಳ್ತಾರೆ' ಎನ್ನಿ. ಹುಡುಗನಿಗೆ ಅದು ಬೇಕೋ ಬೇಡವೋ ಎಂದು ವಿಚಾರಿಸಲು ಹೋಗಬೇಡಿ. ಅತ್ತೂರಿನ ಸಂತ ಲಾರೆನ್ಸರಿಗೆ ಹರಕೆ ಹೇಳಿಕೊಳ್ಳಲು ಸೂಚಿಸಿ. ಅತ್ತೂರಿಗೆ ಎಲ್ಲ ಜಾತಿ ಮತದವರೂ ಹೋಗುತ್ತಾರಾದ್ದರಿಂದ ಈ ಸಲಹೆಯನ್ನು ಯಾವ ತಾಯಿಗಾದರೂ ಕೊಡಿ. ನೀವೂ ಪ್ರಾರ್ಥಿಸುವುದಾಗಿ ಹೇಳುತ್ತಾ ಕುರ್ಚಿಯಿಂದ ಏಳಿ.

ಇಷ್ಟಕ್ಕೂ ಜಗ್ಗದಿದ್ದರೆ ಸೇರಿಸಿಕೊಳ್ಳಿ, ನಗುನಗುತ್ತಲೇ. ಒಂದು ರಿಸೋರ್ಸ್ ರೂಮ್ ಮಾಡಿ. ಬಿಷಪರನ್ನು ಕರೆಸಿ, ಪವಿತ್ರ ಜಲ ಪ್ರೋಕ್ಷಿಸಿ, ರಿಬ್ಬನ್ ಕತ್ತರಿಸಿ. ಮರುದಿನ ಬೀಗ ಹಾಕಿ ಕೀಲಿಯನ್ನು ಗುಮಾಸ್ತರಿಗೆ ಕೊಡಿ. ಕ್ರಿಸ್ಮಸ್ ಗೋದಲಿಯ ಬೊಂಬೆಗಳು, ಥರ್ಮಾಕೋಲಿನ ದೇವದೂತರ ರೆಕ್ಕೆಗಳು, ಹೆಗಲ ಮೇಲೆ ಕುರಿ ಹೊತ್ತ ಆ ಕುರುಬ, ಎಲ್ಲವನ್ನೂ ಅಲ್ಲೇ ಇಡಿಸಿ. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಸ್ಪೆಷಲ್ ಎಜುಕೇಟರ್ ಅರ್ಜಿ ಹಾಕಿದರೆ ಸಂಬಳ ವಿಚಾರಿಸಿ, ನಿಟ್ಟುಸಿರು ಬಿಟ್ಟು, ಆ ಹುದ್ದೆಯನ್ನು ಕ್ರಾಫ್ಟ್ ಟೀಚರಿಗೆ ವಹಿಸಿ. ತರಗತಿಯಲ್ಲಿ ಹುಡುಗನ ಪಕ್ಕದಲ್ಲೇ ಕೂತು ನೆರವಾಗುವ ಶ್ಯಾಡೋ ಟೀಚರನ್ನು ಪೋಷಕರೇ ಹುಡುಕಲಿ, ಅವರೇ ಸಂಬಳ ಕೊಡಲಿ. ಆಕೆ ಬಂದ ಮೇಲೆ ಕ್ಲಾಸ್ ಟೀಚರು ಆ ಹುಡುಗನನ್ನು ಮಾತಾಡಿಸುವ ತಾಪತ್ರಯ ತಪ್ಪಿಸಿ.

ಇನ್ನು ತರಗತಿಯೊಳಗೆ ಬನ್ನಿ. ಇಲ್ಲಿ ಮೈಯೆಲ್ಲ ಕಣ್ಣಾಗಿರಿ, ಯಾಕೆಂದರೆ ಈ ಮಕ್ಕಳಿಗೆ ಒದಗುವ ನೆರವು ತೀರಾ ಅಗ್ಗದ್ದು. ದಿನದ ಕಾರ್ಯಕ್ರಮವನ್ನು ಚಿತ್ರಗಳಲ್ಲಿ ತೋರಿಸಿದರೆ, ಒಂದು ಸಲಕ್ಕೆ ಒಂದೇ ಸೂಚನೆ ಕೊಟ್ಟರೆ, ಏನಾದರೂ ಬದಲಾಗುವುದಿದ್ದರೆ ಮೊದಲೇ ತಿಳಿಸಿದರೆ, ಗದ್ದಲ ತಡೆಯಲಾಗದಾಗ ಹೋಗಿ ಕೂರಲು ಒಂದು ಮೂಲೆ ಬಿಟ್ಟುಕೊಟ್ಟರೆ, ಎಷ್ಟೋ ಮಕ್ಕಳು ಕಲಿಯಲು ಶುರುಮಾಡಿಬಿಡುತ್ತಾರೆ. ಆಮೇಲೆ ನಿಮ್ಮ ಬಳಿ ಕಾರಣವೇ ಉಳಿಯುವುದಿಲ್ಲ.

ನೋಡಿ, ತಾಯಿ ಅವನ ಡೆಸ್ಕಿನ ಮೇಲೆ ನಾಲ್ಕು ಚಿತ್ರ ಅಂಟಿಸಿ ಹೋಗಿದ್ದಾಳೆ: ಪುಸ್ತಕ, ಟಿಫಿನ್ ಡಬ್ಬಿ, ಚೆಂಡು, ವ್ಯಾನು. ಒಂದೊಂದು ಮುಗಿದಂತೆ ಅವನು ಚಿತ್ರವನ್ನು ಬೆರಳಿಂದ ಮುಟ್ಟಿ ಮುಂದಿನದಕ್ಕೆ ಹೋಗುತ್ತಾನೆ. ವ್ಯಾನು ಕೊನೆಗೆ ಬಂದೇ ಬರುತ್ತದೆ ಎಂಬ ನಂಬಿಕೆಯ ಮೇಲೆ ಗಣಿತವನ್ನೂ ಸಹಿಸುತ್ತಾನೆ. ಮೊದಲ ವಾರವೇ ಅವನ್ನು ಕೀಳಿಸಿ, ಡೆಸ್ಕಿನ ಪಾಲಿಶ್ ಹಾಳಾಗುತ್ತದೆ ಎನ್ನಿ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬಂದರೆ ಯೂನಿಫಾರ್ಮಿನ ನಿಯಮ ತೋರಿಸಿ. ಅಸೆಂಬ್ಲಿಯಲ್ಲಿ ಕೀಂ ಎನ್ನುವ ಸ್ಪೀಕರಿನ ಪಕ್ಕದಲ್ಲೇ ನಿಲ್ಲಿಸಿ. ಆಟದ ಪೀರಿಯಡ್ ತೆಗೆದು ಸಮಾಜ ವಿಜ್ಞಾನ ಇಡಿ, ಯಾರಿಗೂ ಮುಂಚೆ ಹೇಳಬೇಡಿ. ಅವನು ಕಿವಿ ಮುಚ್ಚಿಕೊಂಡು ಚೀರಿದ ಕೂಡಲೇ ರಿಜಿಸ್ಟರ್ ತೆರೆದು 'ಯಾವ ಕಾರಣವೂ ಇಲ್ಲದೆ' ಎಂದು ಬರೆಯಿರಿ. ತಾರೀಖು, ಗಂಟೆ, ನಿಮಿಷ ನಮೂದಿಸಿ. ಸ್ಪೀಕರನ್ನು ನಮೂದಿಸಬೇಡಿ.

ಆಮೇಲೆ ತಾಯಿಗೆ ಫೋನ್ ಮಾಡಿ. ಹನ್ನೊಂದು ಗಂಟೆ ಒಳ್ಳೆಯ ಹೊತ್ತು. ಆಕೆ ಆಗ ತಾನೇ ಆಫೀಸಿನಲ್ಲಿ ಕಂಪ್ಯೂಟರ್ ತೆರೆದಿರುತ್ತಾಳೆ. 'ಸ್ವಲ್ಪ ಬಂದು ಕರ್ಕೊಂಡು ಹೋಗ್ತೀರಾ ಮೇಡಂ' ಎನ್ನಿ. ಮೊದಮೊದಲು ವಾರಕ್ಕೊಮ್ಮೆ ಮಾಡಿ, ಆಮೇಲೆ ದಿನಾ ಮಾಡಿ. ರಜೆಗಳೆಲ್ಲ ತೀರಿ ಆಕೆ ಕೆಲಸ ಬಿಡುವವರೆಗೆ ತಾಳ್ಮೆಯಿಂದಿರಿ. ಬಿಟ್ಟ ಮೇಲೆ, 'ಹೇಗೂ ಮನೇಲೇ ಇದೀರಲ್ಲ, ಅರ್ಧ ದಿನ ಕಳಿಸಿದ್ರೆ ಸಾಕು' ಎಂದು ಕನಿಕರ ತೋರಿಸಿ. ಫೀಸು ಮಾತ್ರ ಅರ್ಧ ಮಾಡಬೇಡಿ, ಅದು ಭೇದಭಾವವಾದೀತು.

ಉಳಿದ ಪೋಷಕರ ವಾಟ್ಸಾಪ್ ಗುಂಪಿಗೆ ನೀವಾಗಿ ಏನೂ ಹಾಕಬೇಡಿ. 'ಮಿಕ್ಕ ಐವತ್ತು ಮಕ್ಕಳ ಗತಿಯೇನು' ಎಂದು ಅಲ್ಲಿ ಯಾರೋ ಕೇಳಿಯೇ ಕೇಳುತ್ತಾರೆ. ತೊಂಬತ್ತೊಂಬತ್ತನ್ನು ಬಿಟ್ಟು ಒಂದು ಕುರಿಯ ಹಿಂದೆ ಹೋದವನ ಕಥೆಯನ್ನು ಮೌಲ್ಯ ಶಿಕ್ಷಣದ ಪೀರಿಯಡ್ಡಿನಲ್ಲಿ ಎಂದಿನಂತೆ ಮಾಡಿಸಿ. ಪರೀಕ್ಷೆಗೆ ಬರುವ ಪಾಠ, ಬಿಡುವ ಹಾಗಿಲ್ಲ.

ಹುಡುಗ ಹೇಗೋ ಒಂಬತ್ತನೇ ತರಗತಿ ಮುಟ್ಟಿದರೆ, ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಇಂಥವರಿಗೆ ಹೆಚ್ಚುವರಿ ಸಮಯ, ಬರೆಯಲು ಸಹಾಯಕರ ನೆರವು ಸಿಗುತ್ತದೆಂಬ ವಿಷಯವನ್ನು ಅರ್ಜಿಯ ಕೊನೆಯ ದಿನ ಕಳೆದ ಮೇಲೆ ತಿಳಿಸಿ. ಓಪನ್ ಸ್ಕೂಲಿನ ವಿಳಾಸ ಕೊಡಿ. ಗೇಟಿನ ಮೇಲಿನ ನೂರಕ್ಕೆ ನೂರು ಫಲಿತಾಂಶದ ಫ್ಲೆಕ್ಸನ್ನು ಕಾಪಾಡಿಕೊಳ್ಳಿ.

ಟಿಸಿ ಕೇಳಲು ಆಕೆ ಬಂದ ದಿನ ಕಾಫಿ ತರಿಸಿ. ಅರ್ಜಿಯನ್ನು ಆಕೆಯ ಕೈಯಲ್ಲೇ ಬರೆಸಿ. ಶಾಲೆ ಬಿಡಲು ಕಾರಣ ಎಂಬ ಕಾಲಮ್ಮಿನಲ್ಲಿ 'ಪೋಷಕರ ಕೋರಿಕೆಯ ಮೇರೆಗೆ' ಎಂದು ತುಂಬಿ. ನಡತೆ ಎಂಬಲ್ಲಿ 'ಉತ್ತಮ' ಎಂದು ಬರೆಯಿರಿ, ಜಿಪುಣತನ ಬೇಡ.

ಅವನ ಫೋಟೊ ಅಳಿಸಬೇಡಿ. ಏಪ್ರಿಲ್ 2ರ ವಿಶ್ವ ಆಟಿಸಂ ಜಾಗೃತಿ ದಿನದಂದು ನೀಲಿ ಟೀ ಶರ್ಟು ತೊಡಿಸಿ, ರಿಸೋರ್ಸ್ ರೂಮಿನ ಎದುರು ನಿಲ್ಲಿಸಿ ತೆಗೆಸಿದ್ದು ಇದೆಯಲ್ಲ, ಮುಂದಿನ ವರ್ಷದ ಪ್ರಾಸ್ಪೆಕ್ಟಸ್ಸಿಗೆ ಅದನ್ನೇ ಕೊಡಿ. ಒಪ್ಪಿಗೆ ಪತ್ರಕ್ಕೆ ಅಡ್ಮಿಷನ್ ದಿನವೇ ಸಹಿ ಹಾಕಿಸಿಕೊಂಡಿದ್ದೀರಿ. ಪ್ರಿಂಟಿಗೆ ಕಳಿಸುವಾಗ ಬಾಗಿಲ ಮೇಲಿನ ಬೋರ್ಡು ಪೂರ್ತಿ ಕಾಣುವ ಹಾಗೆ, ಬೀಗ ಕಾಣದ ಹಾಗೆ ಕತ್ತರಿಸಲು ಹೇಳಿ.