ಎಂಬತ್ತೊಂಬತ್ತನೆಯ ದಿನದ ಮ್ಯಾನೇಜರು

ಬ್ಯಾಂಕಿನ ಶಾಖಾ ಮ್ಯಾನೇಜರನ್ನು ಗುರುತಿಸಲು ಕೋಣೆಯ ಬಾಗಿಲಿನ ಫಲಕ ಬೇಕಿಲ್ಲ. ಮದುವೆಯೂಟದಲ್ಲಿ ಹೋಳಿಗೆ ಬರುವ ಹೊತ್ತಿಗೆ ಸರಿಯಾಗಿ ಎಡಗೈಯಲ್ಲಿ ಫೋನ್ ಹಿಡಿದು, "ಹೌದು ಸರ್... ಆಗಿಲ್ಲ ಸರ್... ಸಂಜೆಯೊಳಗೆ ಸರ್" ಎನ್ನುತ್ತ ಪಂಕ್ತಿಯಿಂದ ಎದ್ದು ಹೋಗುವವರು ಅವರೇ. ಅಕ್ಷತೆ ಹಾಕುವಾಗಲೂ ಅವರ ಕಣ್ಣಿಗೆ ಬೀಳುವುದು ವಧೂವರರಲ್ಲ, ಒಂದು ಜಂಟಿ ಖಾತೆ.

ಒತ್ತಡದಲ್ಲಿ ಎಷ್ಟು ಬಗೆ ಎಂದು ಇವರನ್ನು ಕೇಳಬೇಕು. ಮಾರ್ಚ್ 31 ಇವರಿಗೆ ಹಬ್ಬ. ರಾತ್ರಿ ಹತ್ತಕ್ಕೆ ಸಿಬ್ಬಂದಿಗೆಲ್ಲ ಇಡ್ಲಿ ಪಾರ್ಸೆಲ್ ತರಿಸಿ, ಲೆಕ್ಕ ತಾಳೆಯಾದಾಗ ಮುಖದಲ್ಲಿ ಮದುಮಗನ ಕಳೆ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾಗಿ, ಶಟರ್ ಎತ್ತುವ ಮೊದಲೇ ಸಾಲು ಬೀದಿಯ ತಿರುವು ದಾಟುತ್ತಿದ್ದ ದಿನಗಳ ಕಥೆಯನ್ನು ಈಗಲೂ ಕೇಳುವವರಿದ್ದರೆ ಹೇಳುತ್ತಾರೆ, ಇಲ್ಲದಿದ್ದರೂ ಹೇಳುತ್ತಾರೆ. 2020ರ ಏಪ್ರಿಲ್ 1ರಂದು, ಲಾಕ್‌ಡೌನ್ ನಡುವೆಯೇ, ಸಿಂಡಿಕೇಟ್ ಬ್ಯಾಂಕು ಕೆನರಾದೊಳಗೆ ಸೇರಿತಲ್ಲ, ಆ ಕಾಲದವರಾದರೆ ಇನ್ನೊಂದು ಅಧ್ಯಾಯ. "ಆಗ ನನಗೆ ಬಿಪಿ ಇರಲಿಲ್ಲ ನೋಡಿ!"

ಅದು ನಿಜವೂ ಇರಬಹುದು. ಕೊನೆಯ ತಾರೀಖು ಇರುವ ಯಾವ ಕಷ್ಟವೂ ಇವರನ್ನು ಅಲುಗಿಸುವುದಿಲ್ಲ. ನುಂಗುವುದು ತಾರೀಖಿಲ್ಲದವು. ಸಂಜೆಯ ವಿಡಿಯೊ ಕಾನ್ಫರೆನ್ಸು. ಠೇವಣಿ ಇಡಲು ಬಂದ ಅಜ್ಜಿಗೆ ವಿಮೆ ದಾಟಿಸುವ ಕರ್ಮ. ಪಾಸ್‌ಬುಕ್ ಪ್ರಿಂಟರ್ ಬಗ್ಗೆ ಏನನ್ನೂ ಹೇಳದಿರುವುದೇ ಲೇಸು.

ಇದಕ್ಕೊಂದೇ ಅಪವಾದ, ತಾರೀಖಿದ್ದೂ ಎಲ್ಲಕ್ಕಿಂತ ಘೋರವಾದ 89ನೆಯ ದಿನ. ಕಂತಿನ ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. 89ರ ಹಿಂದಿನ ರಾತ್ರಿ ಸಾಲಗಾರ ಸುಖವಾಗಿ ಗೊರಕೆ ಹೊಡೆಯುತ್ತಾನೆ, ಮ್ಯಾನೇಜರು ಜಂತೆ ಎಣಿಸುತ್ತಾರೆ. ಬೆಳಗಾದರೆ ಅವನ ಗೇಟಿನೆದುರು ಹಾಜರು. "ಏನ್ ಸಾರ್, ಇಷ್ಟು ಸೊರಗಿದೀರಾ?" ಎಂದು ಸಾಲಗಾರ ಮರುಗುತ್ತಾನೆ. ಎಳನೀರು ಕೆತ್ತಿಸಿ ಕೊಡುತ್ತಾನೆ. ಗಂಜಿ ಕೂಡ ಬೇಯಿಸಿ ಹಾಕಿಯಾನು. ಕಂತು ಮಾತ್ರ ಕೊಡುವುದಿಲ್ಲ.

ಇಂಥವರಿಗಾಗಿಯೇ ಬ್ಯಾಂಕುಗಳು ಒತ್ತಡ ನಿರ್ವಹಣೆಯ ತರಬೇತಿ ನಡೆಸುತ್ತವೆ. ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳನ್ನು ನಾನಾ ಬಗೆಯಲ್ಲಿ ಕಾಡಿ, ಕಾಟ ಯಾವುದಾದರೂ ದೇಹ ಒಂದೇ ರೀತಿ ಕಂಗೆಡುತ್ತದೆಂದು 1936ರಲ್ಲೇ ಬರೆದದ್ದು, ಆಮೇಲೆ ಒತ್ತಡದಲ್ಲಿ ಒಳ್ಳೆಯದೂ ಉಂಟು, ಕೆಟ್ಟದ್ದೂ ಉಂಟು ಎಂದದ್ದು, ಎಲ್ಲವನ್ನೂ ಅಲ್ಲಿ ವಿವರಿಸುತ್ತಾರೆ. ನಮ್ಮ ಮ್ಯಾನೇಜರು ಕೈಯೆತ್ತಿ, "ಇಲಿಗಳಿಗೆ ಟಾರ್ಗೆಟ್ ಎಷ್ಟಿತ್ತು?" ಎಂದು ಕೇಳಿದರು. ಬಳಿಕ ಪ್ರಾಣಾಯಾಮ. "ಉಸಿರು ಒಳಗೆಳೆದುಕೊಳ್ಳಿ" ಎನ್ನುವಷ್ಟರಲ್ಲಿ ಪ್ರಾದೇಶಿಕ ಕಚೇರಿಯ ಫೋನು ಬಂತು, ಹೊರಗೋಡಿದರು. ಬಿಡುವ ಸೂಚನೆ ಅವರ ಪಾಲಿಗೆ ಇನ್ನೂ ಬಂದಿಲ್ಲ.

ಕೊನೆಗೆ ಹೆಂಡತಿಯ ಬಲವಂತಕ್ಕೆ ಡಾಕ್ಟರ ಬಳಿ ಹೋದರು. ಪಟ್ಟಿ ಸುತ್ತಿ ನೋಡಿದ ಡಾಕ್ಟರು, "150, 100" ಎಂದರು.

"ಹೋದ ವರ್ಷ ಇದೇ ತ್ರೈಮಾಸಿಕದಲ್ಲಿ 130 ಇತ್ತು ಸರ್," ಎಂದರು ಮ್ಯಾನೇಜರು, ದನಿಯಲ್ಲಿ ಸಣ್ಣ ಹೆಮ್ಮೆ.

"ರೀ, ಇದು ಇಳೀಬೇಕು! 120ಕ್ಕೆ ಬರಬೇಕು."

ಮ್ಯಾನೇಜರು ಜೇಬಿನಿಂದ ಪೆನ್ನು ತೆಗೆದರು. "ಎಷ್ಟನೇ ತಾರೀಖಿನೊಳಗೆ ಸರ್?"